ಕರಿಗೇರಿನ ಗುರುತು

ಬೆಟ್ಟದಪುರ
18-8-1996

ಮಗಳು ಪ್ರಮೀಳಾಗೆ ಅಪ್ಪ ದೇವಯ್ಯ ಬರೆಯುವುದು.

ನಿನ್ನನ್ನು ಮೈಸೂರಿನ ಹಾಸ್ಟೆಲಿನಲ್ಲಿ ಬಿಟ್ಟು ಬಂದು ಇವತ್ತಿಗೆ ಎಂಟು ದಿನ. ಹುಣಸೂರು ದಾಟುವವರೆಗೂ ನಿನ್ನ ಟ್ರಂಕಿನ ಬೀಗದ ಕೈ ನನ್ನ ಜೇಬಿನಲ್ಲೇ ಉಳಿದದ್ದು ಗೊತ್ತಾಗಲಿಲ್ಲ. ಮಾರನೆಯ ದಿನವೇ ಕಂಡಕ್ಟರ್ ಸ್ವಾಮಿಯ ಕೈಯಲ್ಲಿ ಕಳಿಸಿದೆ. "ಮಗಳ ಬುಟ್ಬುಟ್ಟು ಬೀಗುದ್ ಕೈ ತಂದಿದ್ದೀಯಲ್ಲ ದೇವಣ್ಣ, ಬಲೇ ಜಾಣ ಕಣಯ್ಯ ನೀನು" ಎಂದು ಬಸ್ಸಿನವರೆಲ್ಲ ಕೇಳುವ ಹಾಗೆ ನಕ್ಕ. ನಿನ್ನ ಕೈ ಸೇರಿತೆ, ಬರೆ.

ನಿನ್ನ ಬಟ್ಟೆಗೆಲ್ಲ ಗುರುತು ಹಾಕಿದ್ದೇನೆ. ನರ್ಸ್ ಟ್ರೈನಿಂಗಿನ ನಲವತ್ತು ಹುಡುಗಿಯರ ಬಿಳಿ ಸೀರೆ, ಬಿಳಿ ರವಿಕೆ ಒಟ್ಟಿಗೆ ಒಗೆಯಲು ಹೋಗುತ್ತವೆ ಎಂದು ವಾರ್ಡನ್ ಮೇಡಂ ಮೊದಲೇ ಹೇಳಿದ್ದರಲ್ಲ. ರವಿಕೆಗೆ ಕತ್ತಿನ ಹಿಂದಿನ ಪಟ್ಟಿಯ ಒಳಗೆ ಹಾಕಿದ್ದೇನೆ, ಸೀರೆಗೆ ಸೆರಗಿನ ಮೂಲೆಗೆ. ಮೂರು ಚುಕ್ಕಿ, ಕೆಳಗೆ ಒಂದು ಗೆರೆ. ಊರಿನ ಎಂಬತ್ತು ಮನೆಗೂ ಗುರುತು ಕೊಟ್ಟವರು ನಾವು, ಮಡಿವಾಳರ ಮನೆಗೇ ಗುರುತು ಇರಲಿಲ್ಲ. ನಮ್ಮ ಬಟ್ಟೆ ನಮಗೆ ಗೊತ್ತಾಗುತ್ತಿತ್ತು, ಬೇಕಿರಲಿಲ್ಲ. ನಿನಗಾಗಿ ಹೊಸದೊಂದು ಹುಡುಕಬೇಕಾಯಿತು. ನಿಮ್ಮವ್ವನ ಎಡ ಮುಂಗೈ ಹಚ್ಚೆ ಹೀಗೇ ಇತ್ತು. ನೀನು ನೋಡಿರುತ್ತೀಯ.

ಗುರುತು ಹಾಕುವುದು ಯಾವತ್ತೂ ನಿಮ್ಮವ್ವ ಮಲ್ಲಾಜಿಯ ಕೆಲಸ. ಕರಿಗೇರು ಕಾಯಿಗೆ ಸೂಜಿ ಚುಚ್ಚಿ, ಒಸರುವ ಕಪ್ಪು ರಸವನ್ನು ಬಟ್ಟೆಗೆ ಮುಟ್ಟಿಸಿ, ಮೇಲೆ ಒದ್ದೆ ಸುಣ್ಣ ಒತ್ತುತ್ತಿದ್ದಳು. ಬಟ್ಟೆ ಹರಿದರೂ ಆ ಗುರುತು ಹೋಗುತ್ತಿರಲಿಲ್ಲ. ಅವಳ ಕಾಯಿ ಕುಡಿಕೆ ಅಟ್ಟದ ಮೇಲೆ ಹಾಗೇ ಇತ್ತು. ಶಿವರಾತ್ರಿ ಕಳೆದು ಅವಳು ತೀರಿಹೋದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ನಾನೇ ಇಳಿಸಿದೆ. ನನ್ನ ಕೈಯ ಚುಕ್ಕಿ ದುಂಡಗೆ ಬಂದಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ನಿಮ್ಮ ಕುಳ್ಳಮ್ಮತ್ತೆ ದಿನಾ ಊಟಕ್ಕೆ ಕರೆಯುತ್ತಾಳೆ. ಹೋಗುತ್ತೇನೆ. ಸಂಜೆ ಮನೆಮನೆಯ ಗುರುತು ಬರೆದಿಟ್ಟ ಪುಸ್ತಕದ ಅಂಚಿನಲ್ಲಿ ಎರಡು ಸಾಲು ಬರೆಯುವ ಅಭ್ಯಾಸ ಬಿಟ್ಟಿಲ್ಲ. ಏಳನೇ ಕ್ಲಾಸಿನ ಅಕ್ಷರ ಅಷ್ಟಕ್ಕೆ ಸಾಕು. ನಿನ್ನೆ ಬರೆದದ್ದು: "ಮೋಡ. ಬಟ್ಟೆ ಒಣಗಲಿಲ್ಲ. ಪ್ರಮೀಳಾ ಇಲ್ಲ."

ಹೊಟ್ಟೆ ತುಂಬ ಉಣ್ಣು.

ನಿನ್ನ ಅಪ್ಪ,
ದೇವಯ್ಯ


ಮೈಸೂರು
9-9-1996

ಅಪ್ಪನಿಗೆ ಪ್ರಮೀಳಾ ಕಾಲು ಮುಟ್ಟಿ ಬರೆಯುವುದು.

ಬೀಗದ ಕೈ ಬಂತು. ಅಷ್ಟರಲ್ಲಿ ನನ್ನ ಮಂಚದ ಪಕ್ಕದ ಭಾಗ್ಯ ಹೇರ್‌ಪಿನ್ನಿನಲ್ಲೇ ಟ್ರಂಕು ತೆಗೆದುಕೊಟ್ಟಿದ್ದಳು. ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದವಳು, ಸುಮ್ಮನೆ ಕೂರುವ ಜಾತಿಯೇ ಅಲ್ಲ. ನನ್ನ ರವಿಕೆ ತಿರುಗಿಸಿ ನೋಡಿ, "ಇದೇನೇ, ಸಂತೆಗೆ ಹೊಡ್ಕೊಂಡು ಹೋಗೋ ಎಮ್ಮೆಗೆ ಹಾಕ್ದಂಗೆ ನಿಮ್ಮಪ್ಪ ಮುದ್ರೆ ಹಾಕವ್ರೆ" ಎಂದು ರೂಮೆಲ್ಲ ನಗಿಸಿದಳು. ಆದರೆ ಮೊದಲನೇ ಶನಿವಾರ ಬಟ್ಟೆ ವಾಪಸು ಬಂದಾಗ ಮೂವತ್ತೊಂಬತ್ತು ಜನರದ್ದೂ ಅದಲು ಬದಲು, ಜಗಳ. ನನ್ನದು ಮಾತ್ರ ನೇರ ನನ್ನ ಮಂಚಕ್ಕೆ. ಈಗ ಭಾಗ್ಯ, "ನಿಮ್ಮಪ್ಪುಂಗೆ ಹೇಳೇ, ನನ್ದುಕ್ಕೂ ಒಂದು ಮುದ್ರೆ ಹಾಕ್ಲಿ" ಎನ್ನುತ್ತಾಳೆ.

ಬೆಳಿಗ್ಗೆ ಅವಳೇ ನನ್ನ ಜಡೆ ಹಾಕುವುದು. ಅತ್ತೆಯ ಕೈ ಬಿಟ್ಟರೆ ನನ್ನ ತಲೆಗೆ ಬೇರೆ ಯಾರ ಕೈಯೂ ಬಂದಿರಲಿಲ್ಲ. ಹಚ್ಚೆ ನೋಡಿರುತ್ತೀಯ ಎಂದು ಬರೆದಿದ್ದೀರಿ. ಇಲ್ಲ ಅಪ್ಪ. ಅವ್ವ ಕೈಗೆ ಯಾವಾಗಲೂ ಹಳೆ ಪಂಚೆಯ ತುಂಡು ಸುತ್ತಿರುತ್ತಿದ್ದಳು. ನಾನು ಹತ್ತಿರ ಹೋದರೆ ಎರಡೂ ಕೈ ಸೆರಗಿನೊಳಕ್ಕೆ ಹೋಗುತ್ತಿದ್ದವು. ಅವ್ವನ ಕೈ ನನ್ನನ್ನು ಮುಟ್ಟಿದ್ದು ನನಗೆ ನೆನಪೇ ಇಲ್ಲ.

ಬರೆಯಬಾರದಿತ್ತೇನೋ. ಬರೆದೆ.

ಬಂದ ವಾರದಿಂದಲೇ ಕತ್ತಿನ ಹಿಂದೆ ಸಣ್ಣಗೆ ನವೆ, ನಾಲ್ಕೈದು ದಿನದಿಂದ ಹೆಚ್ಚಾಗಿದೆ. ಕೆಂಪಗಾಗಿದೆ ಎಂದು ಭಾಗ್ಯ ಹೇಳಿದಳು. ಸೋಪಿನ ಪುಡಿ ಆಗಿಲ್ಲವೇನೋ. ಚಿಂತೆ ಮಾಡಬೇಡಿ.

ನಿಮ್ಮ ಮಗಳು,
ಪ್ರಮೀಳಾ


ಬೆಟ್ಟದಪುರ
22-9-1996

ಪ್ರಮೀಳಾ,

ಕತ್ತಿನದು ಹೇಗಿದೆ? ಅಂಗೈ ನೋಡಿಕೊಂಡೆಯಾ? ಬೆರಳ ಸಂದಿಯಲ್ಲಿ ಏನಾದರೂ ಇದೆಯಾ? ಮೊದಲು ಅದನ್ನು ಬರೆ.

ಕಾಗದವನ್ನು ನಿಮ್ಮತ್ತೆಗೆ ಓದಿ ಹೇಳಿದ್ದು ತಪ್ಪಾಯಿತು. ರಾಗಿ ಬೀಸುತ್ತಿದ್ದವಳು ಅಲ್ಲೇ ಕೈ ನಿಲ್ಲಿಸಿ, "ಅವಳವ್ವುಂದೇ ಕಣೋ ಇದು. ಉಬ್ಬೆ ಒಲೆ ಹಾಕಾಕೆ ಹುತ್ತ ಒಡ್ದೋನು ಯಾರು? ನೀನೇ ತಾನೆ? ಹೆಂಡ್ತಿ ಕೈ ತಿಂದಾಯ್ತು, ಈಗ ಮಗಳ ತಾವ್ಕೆ ಬಂದದೆ" ಎಂದಳು. ನಿನಗೆ ಇದನ್ನು ನಾನು ಯಾವತ್ತೂ ಹೇಳಿಲ್ಲ. ಮದುವೆಯಾದ ವರ್ಷ ಬಟ್ಟೆ ಬೇಯಿಸುವ ಒಲೆಗೆ ಜಾಗ ಮಾಡಲು ಕೆರೆಯ ಹತ್ತಿರ ಒಂದು ಹುತ್ತ ಅಗೆದಿದ್ದೆ. ಒಳಗೆ ಏನೂ ಇರಲಿಲ್ಲ, ಒಣ ಮಣ್ಣು ಅಷ್ಟೇ. ಎರಡು ವರ್ಷಕ್ಕೆ ಮಲ್ಲಾಜಿಯ ಅಂಗೈ ಬಿರಿಯತೊಡಗಿತು. ಬೊಬ್ಬೆ ಎದ್ದು, ನೀರು ಸೋರಿ, ಹಕ್ಕಳೆಗಟ್ಟಿ, ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೆ. ಕೊನೆಯವರೆಗೂ ಹಾಗೇ.

ಸೋಮವಾರ ಹುತ್ತಕ್ಕೆ ತನಿ ಎರೆದು ಬಂದೆ. ಹಾಲು ಬೇಗ ಇಂಗಿತು.

ಸೋಪಿನ ಪುಡಿಯೇ ಇರಬಹುದು, ನೀನು ಹೇಳಿದ ಹಾಗೆ. ಅದಕ್ಕೇ ಹೊಸ ರವಿಕೆ ಮೂರು ಹೊಲಿಸಿ, ಸೀಗೆ ನೀರಲ್ಲಿ ನಾನೇ ಒಗೆದು, ಇಸ್ತ್ರಿ ಮಾಡಿ ಸ್ವಾಮಿಯ ಕೈಯಲ್ಲಿ ಕಳಿಸಿದ್ದೇನೆ. ಇವನ್ನೇ ಹಾಕಿಕೊ. ಹಾಸ್ಟೆಲಿನ ಒಗೆತಕ್ಕೆ ಕೊಡಬೇಡ. ಕೊಡಬೇಕಾಗಿ ಬಂದರೂ ಕಳೆಯದಿರಲಿ ಎಂದು ಗುರುತು ಹಾಕಿದ್ದೇನೆ. ಈ ಸಲ ಚುಕ್ಕಿ ದುಂಡಗೆ ಬಂದಿವೆ. ಮಾಸದಿರಲಿ ಎಂದು ಎರಡೆರಡು ಸಲ ಒತ್ತಿದೆ. ಜೊತೆಗೆ ಬೇವಿನ ಎಣ್ಣೆ ಸೀಸೆ ಇದೆ.

ಅಂಗೈ ಹೇಗಿದೆ ಎಂದು ಬರೆ.

ಅಪ್ಪ


ಮೈಸೂರು
16-10-1996

ಅಪ್ಪನಿಗೆ,

ಅಂಗೈ ಚೆನ್ನಾಗಿದೆ. ಕತ್ತು ಚೆನ್ನಾಗಿಲ್ಲ.

ನೀವು ಕಳಿಸಿದ ರವಿಕೆಗಳನ್ನೇ ಹಾಕಿಕೊಳ್ಳುತ್ತಿದ್ದೇನೆ. ಎರಡು ದಿನ ಏನೂ ಇರಲಿಲ್ಲ, ಮೂರನೇ ದಿನ ಬೊಬ್ಬೆಗಳೆದ್ದವು. ಈಗ ಕಿವಿಯ ಹಿಂದಿನವರೆಗೆ ಬಂದಿದೆ. ನೀರು ಸೋರಿ ಪಟ್ಟಿ ಅಂಟಿಕೊಳ್ಳುತ್ತದೆ, ರವಿಕೆ ಬಿಚ್ಚುವಾಗ ಭಾಗ್ಯ ಬಿಸಿನೀರು ಅದ್ದಿ ಅದ್ದಿ ಬಿಡಿಸುತ್ತಾಳೆ. ಬೇವಿನ ಎಣ್ಣೆ ಹಚ್ಚಿದರೆ ಉರಿ.

ಹೋದ ವಾರ ವಾರ್ಡನ್ ಮೇಡಂ ನೋಡಿದರು. ದೂರ ನಿಂತು, "ಇದು ಅಂಟುತ್ತಾ?" ಎಂದರು. ಗೊತ್ತಿಲ್ಲ ಎಂದೆ. ಸ್ಟೋರ್ ರೂಮಿನ ಪಕ್ಕ ಒಂಟಿ ಮಂಚ ಹಾಕಿಸಿದ್ದಾರೆ. ನನಗೆ ಬೇರೆ ತಟ್ಟೆ, ಬೇರೆ ಲೋಟ, ಹೊರಗಡೆ ಬೋರಲು ಹಾಕಿಡಬೇಕು. ದೀಪಾವಳಿ ರಜೆ ಮುಗಿಯುವುದರೊಳಗೆ ಅಂಟುರೋಗವಲ್ಲ ಎಂದು ಡಾಕ್ಟರ ಸರ್ಟಿಫಿಕೇಟ್ ತರಬೇಕು, ಇಲ್ಲದಿದ್ದರೆ ಸೀಟು ಬಿಟ್ಟುಕೊಡಬೇಕು. ಬಾಣಂತಿಯರನ್ನು, ಎಳೆ ಮಕ್ಕಳನ್ನು ಮುಟ್ಟುವ ಕೆಲಸ ಎಂದು ಹೇಳಿದರು. ಅವರು ಹೇಳಿದ್ದು ನ್ಯಾಯವೇ.

ಮೊದಲನೇ ದಿನ ಆ ಲೋಟ ತೊಳೆದು ಹೊರಗೆ ಬೋರಲು ಹಾಕುವಾಗ, ಹಿತ್ತಲ ಗೂಡಿನಲ್ಲಿ ಅವ್ವನ ಲೋಟ ಹೀಗೇ ಇರುತ್ತಿದ್ದದ್ದು ನೆನಪಾಯಿತು. ಅದನ್ನು ಅವಳೇ ತೊಳೆದುಕೊಳ್ಳುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ಹಾಗೇ ನೋಡಿದ್ದರಿಂದ ಯಾಕೆ ಎಂದು ಕೇಳಬೇಕು ಅನಿಸಿರಲಿಲ್ಲ.

ಈಗ ಕೇಳುತ್ತೇನೆ. ಇದು ಅವ್ವನ ಕಾಯಿಲೆಯಾ ಅಪ್ಪ? ಅವ್ವ ನನ್ನನ್ನು ಯಾಕೆ ಮುಟ್ಟುತ್ತಿರಲಿಲ್ಲ? ಸಾಯುವ ಹಿಂದಿನ ದಿನ ನಾನು ನೀರು ಕುಡಿಸಲು ಹೋದಾಗಲೂ ಮುಖ ಆ ಕಡೆ ತಿರುಗಿಸಿಕೊಂಡು, "ಅಪ್ಪುನ್ನ ಕರಿ" ಎಂದಳು. ಅವಳಿಗೆ ನನ್ನ ಮೇಲೆ ಏನಿತ್ತು?

ಕೋಪದಿಂದ ಕೇಳುತ್ತಿಲ್ಲ.

ಪ್ರಮೀಳಾ


ಬೆಟ್ಟದಪುರ
24-10-1996

ಪ್ರಮೀಳಾ,

ಊರಿಗೆ ಬಂದುಬಿಡು. ಟ್ರೈನಿಂಗ್ ಹೋದರೆ ಹೋಗಲಿ.

ನೀನು ಕೇಳಿದ್ದಕ್ಕೆ ಎದುರಿಗೆ ಕೂತರೆ ಹೇಳಬಲ್ಲೆನೇನೋ. ಕಾಗದದಲ್ಲಿ ಆಗುತ್ತಿಲ್ಲ. ಮೂರು ಸಲ ಬರೆದು ಹರಿದೆ.

ನಿನ್ನ ಮೇಲೆ ಅವಳಿಗೆ ಏನೂ ಇರಲಿಲ್ಲ. ಇಷ್ಟು ಮಾತ್ರ ಸತ್ಯ.

ಅಪ್ಪ


ಮೈಸೂರು
20-11-1996

ಅಪ್ಪನಿಗೆ ಪ್ರಮೀಳಾ ಬರೆಯುವುದು. ಇದು ಉದ್ದದ ಕಾಗದ, ಕುಳಿತು ಓದಿ.

ಹಬ್ಬಕ್ಕೆ ಬರಲಿಲ್ಲ ಎಂದು ಅತ್ತೆ ಬೈದಿರಬೇಕು. ಬಂದಿದ್ದರೆ ವಾಪಸು ಬರುತ್ತಿರಲಿಲ್ಲ. ಭಾಗ್ಯಾಳೂ ಊರಿಗೆ ಹೋಗದೆ ನನ್ನ ಜೊತೆಗೆ ನಿಂತಳು. ಇಬ್ಬರೂ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆವು. ವಯಸ್ಸಾದ ಡಾಕ್ಟರಮ್ಮ. ಬರಿಗೈಯಲ್ಲೇ ನನ್ನ ಕತ್ತು ಮುಟ್ಟಿ ನೋಡಿದರು. ಎರಡು ತಿಂಗಳಲ್ಲಿ ಭಾಗ್ಯ ಬಿಟ್ಟರೆ ಹಾಗೆ ಮುಟ್ಟಿದವರು ಅವರೇ. ಆಮೇಲೆ ರವಿಕೆಯ ಪಟ್ಟಿ ತಿರುಗಿಸಿ, ಕನ್ನಡಕ ಮೇಲಕ್ಕೆತ್ತಿ,

"ಯಾರಮ್ಮ ಇದನ್ನ ಹಾಕಿದ್ದು?" ಎಂದರು.

"ನಮ್ಮಪ್ಪ."

"ಏನು ಕೆಲಸ ಅವರದು?"

"ಬಟ್ಟೆ ಒಗೀತಾರೆ."

"ಹಾಗಾದ್ರೆ ನಾನು ಹುಡುಕೋದು ಅರ್ಧ ಕಡಿಮೆಯಾಯ್ತು" ಎಂದು ನಕ್ಕರು.

ರವಿಕೆಯ ಪಟ್ಟಿಯಿಂದ ಎರಡು ಚೂರು ಕತ್ತರಿಸಿದರು, ಗುರುತಿದ್ದದ್ದು ಒಂದು, ಇಲ್ಲದ್ದು ಒಂದು. ಎರಡನ್ನೂ ನನ್ನ ಬೆನ್ನಿಗೆ ಅಂಟಿಸಿ, ಎರಡು ದಿನ ನೀರು ಸೋಕಿಸಬೇಡ, ಆಮೇಲೆ ಬಾ ಎಂದರು. "ಎರಡು ದಿನ ಯಾಕೆ ಮೇಡಂ, ಈಗ್ಲೇ ನೋಡಿ" ಎಂದು ಭಾಗ್ಯ ಕೇಳಿದ್ದಕ್ಕೆ, "ಅವು ನಿನ್ನಷ್ಟು ಆತುರದವಲ್ಲ ಕಣಮ್ಮ, ಸೇರೋಕೆ ಎರಡು ದಿನ ಬೇಕು" ಎಂದರು. ಯಾರು ಸೇರುವುದು ಎಂದು ನಮಗೆ ಗೊತ್ತಾಗಲಿಲ್ಲ.

ಎರಡು ದಿನಕ್ಕೆ ಬಿಚ್ಚಿದಾಗ ಬರಿ ಬಟ್ಟೆ ಇದ್ದ ಜಾಗ ಬೆಳ್ಳಗಿತ್ತು. ಗುರುತಿನ ಬಟ್ಟೆ ಇದ್ದ ಜಾಗ ಕೆಂಪಗೆ ಗಡುಸಾಗಿ ಸಣ್ಣ ಬೊಬ್ಬೆ ಎದ್ದಿತ್ತು. ನಾಲ್ಕನೇ ದಿನಕ್ಕೆ ಇನ್ನೂ ಹೆಚ್ಚಾಯಿತು. ಅದು ಹುತ್ತ ಅಲ್ಲ ಅಪ್ಪ. ಕರಿಗೇರು.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ರಕ್ತದ ಬಿಳಿ ಕಣಗಳಲ್ಲಿ ಒಂದು ಬಗೆಗೆ ಟಿ ಜೀವಕೋಶ ಎಂದು ಹೆಸರು. ಅವು ಹಗಲೂ ರಾತ್ರಿ ಮೈಯೆಲ್ಲ ಸುತ್ತುತ್ತ ಗುರುತು ನೋಡುತ್ತವಂತೆ, ಇದು ನಮ್ಮ ಮನೆಯದು, ಇದು ಹೊರಗಿನದು ಎಂದು. ಆಗ ನನಗೆ ಕೆರೆಯ ಕಲ್ಲಿನ ಮೇಲೆ ಕೂತು ಎಂಬತ್ತು ಮನೆಯ ಬಟ್ಟೆ ಬೇರೆ ಮಾಡುವ ನೀವು ಕಣ್ಣಿಗೆ ಬಂದಿರಿ. ಆದರೆ ನಿಮಗೆ ಎಂಬತ್ತೂ ಗೊತ್ತು, ಅವುಗಳಲ್ಲಿ ಒಂದೊಂದಕ್ಕೆ ಒಂದೊಂದೇ ಗುರುತು ಗೊತ್ತು. ರೋಗದ ಕ್ರಿಮಿ ಬಂದರೆ ಅದರ ಗುರುತು ಬಲ್ಲ ಕೋಶ ತನ್ನಂಥವನ್ನೇ ಸಾವಿರ ಹುಟ್ಟಿಸಿ, ಮಿಕ್ಕವನ್ನೂ ಕೂಗಿ ಕರೆದು ಹೊಡೆದು ಹಾಕುತ್ತದೆ. ಅವಿಲ್ಲದಿದ್ದರೆ ನಾವು ಒಂದು ವರ್ಷ ಬದುಕುವುದಿಲ್ಲ.

ಕರಿಗೇರಿನ ರಸ ಏನು ಮಾಡುತ್ತದೆ ಎಂದರೆ, ಚರ್ಮದೊಳಕ್ಕೆ ಇಳಿದು ಅಂಟಿಕೊಂಡು ನಮ್ಮ ಚರ್ಮಕ್ಕೇ ಹೊರಗಿನವರ ಗುರುತು ಹಾಕಿಬಿಡುತ್ತದೆ. ಟಿ ಕೋಶ ಬಂದು ನೋಡುತ್ತದೆ. ಚರ್ಮ ನಮ್ಮದೇ, ಗುರುತು ಬೇರೆಯವರದು. ಅದಕ್ಕೆ ಗುರುತು ಮಾತ್ರ ಕಾಣುತ್ತದೆ. ಹೊಡೆಯತೊಡಗುತ್ತದೆ. ಉರಿ, ನವೆ, ನೀರು ಎಲ್ಲ ಅವುಗಳ ಹೊಡೆತದ್ದು. ಅವೆಲ್ಲ ಬಂದು ಸೇರಲು ಎರಡು ದಿನ ಬೇಕು. ಅದಕ್ಕೇ ನೀವು ಕಳಿಸಿದ ರವಿಕೆ ಹಾಕಿದ ದಿನವೇ ನವೆ ಬರಲಿಲ್ಲ, ನನಗೂ ಅನುಮಾನ ಬರಲಿಲ್ಲ.

ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ಸರ್ಟಿಫಿಕೇಟ್ ಬರೆದುಕೊಟ್ಟರು. ಮೇಡಂ ಓದಿ, ನನ್ನ ಮುಖ ನೋಡದೆ, "ಸರಿ, ಸರಿ, ತಟ್ಟೆ ಒಳಗಿಡು" ಎಂದರು. ಗುರುತಿನ ರವಿಕೆಗಳನ್ನೆಲ್ಲ ತೆಗೆದಿಟ್ಟು, ಬೇರೆ ಹೊಲಿಸಿಕೊಂಡು, ಸೀರೆಗಳ ಗುರುತಿನ ಮೂಲೆ ಕತ್ತರಿಸಿ, ಮುಲಾಮು ಹಚ್ಚುತ್ತಿದ್ದೇನೆ. ಒಣಗುತ್ತಿದೆ.

ನೀವು ಒಳ್ಳೆಯದಕ್ಕೆಂದು ಹಾಕಿದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಪ್ಪನೂ ಮುಟ್ಟುತ್ತಾರಲ್ಲ, ಅವರಿಗೆ ಯಾಕಿಲ್ಲ ಎಂದು ಕೇಳಿದೆ. ಎಲ್ಲರ ಮೈಯೂ ಕಲಿಯುವುದಿಲ್ಲವಂತೆ. ಅವ್ವನ ಕೈ ವಿಷಯವನ್ನೂ ಹೇಳಿದೆ. ನೋಡದೆ ಖಂಡಿತ ಹೇಳಲಾರೆ, ಆದರೆ ಗುರುತು ಹಾಕುವ ಕೈ ಎನ್ನುತ್ತೀಯ, ಅದೇ ಇರಬೇಕು ಎಂದರು.

ಇನ್ನೊಂದು ಮಾತು. ಟಿ ಕೋಶ ಮೊದಲ ಸಲ ನೋಡಿದಾಗ ಏನೂ ಮಾಡುವುದಿಲ್ಲ. ಆಗ ಕಲಿಯುತ್ತದೆ ಅಷ್ಟೇ, ಹತ್ತು ಹದಿನೈದು ದಿನ. ಕಲಿತ ಮೇಲೆ ಮರೆಯುವುದಿಲ್ಲ. "ನಿನ್ನ ಮೈ ಮೊದಲ ವಾರವೇ ಎದ್ದಿದೆ ಅಂದ್ರೆ, ಹಿಂದೆ ಯಾವತ್ತೋ ಇದನ್ನ ನೋಡಿದೆ. ಚಿಕ್ಕವಳಿದ್ದಾಗ ಮುಟ್ಟಿದ್ದೆಯಾ?" ಎಂದು ಕೇಳಿದರು. ಇಲ್ಲ ಎಂದೆ. ಆ ಕುಡಿಕೆ ಇಳಿಸಿದರೆ ಅವ್ವ ನನ್ನನ್ನು ಬೀದಿಗೆ ಕಳಿಸಿಬಿಡುತ್ತಿದ್ದಳು. ನಿಮಗೆ ಏನಾದರೂ ನೆನಪಿದೆಯಾ?

ಪ್ರಮೀಳಾ


ಮೈಸೂರು
23-12-1996

ಅಪ್ಪ,

ತಿಂಗಳಾಯಿತು, ಕಾಗದವಿಲ್ಲ. ನೀವು ಕೆರೆಗೆ ಹೋಗುವುದು ಬರುವುದು ಎಲ್ಲ ಸರಿಯಾಗೇ ಇದೆ, ಮಾತು ಮಾತ್ರ ಕಮ್ಮಿ ಎಂದು ಸ್ವಾಮಣ್ಣ ಹೇಳಿದರು. ನಾನು ನಿಮ್ಮನ್ನು ದೂರಲಿಲ್ಲ. ಕತ್ತು ಪೂರ್ತಿ ವಾಸಿಯಾಗಿದೆ. ಕಲೆ ಕೂಡ ಮಾಯುತ್ತದಂತೆ.

ಎರಡೇ ಸಾಲಾದರೂ ಬರೆಯಿರಿ, ಪುಸ್ತಕದಲ್ಲಿ ಬರೆಯುವ ಹಾಗೆ.

ಪ್ರಮೀಳಾ


ಬೆಟ್ಟದಪುರ
12-1-1997

ಮಗಳು ಪ್ರಮೀಳಾಗೆ,

ನಿನ್ನ ಉದ್ದದ ಕಾಗದವನ್ನು ಹದಿನೇಳು ಸಲ ಓದಿದೆ. ಓದಿದಾಗಲೆಲ್ಲ ಪುಸ್ತಕದಲ್ಲಿ ಒಂದು ಗೆರೆ ಎಳೆದಿದ್ದೇನೆ, ಅದರಿಂದ ಲೆಕ್ಕ ಗೊತ್ತು. ಮೊದಲ ಸಲ ಓದಿದ ದಿನವೇ ಕುಡಿಕೆಯ ಕಾಯಿಗಳನ್ನು ಬೆಟ್ಟದ ಬುಡದಲ್ಲಿ ಯಾರೂ ಓಡಾಡದ ಕಡೆ ಆಳಕ್ಕೆ ಹೂತು ಬಂದೆ. ಊರಲ್ಲಿ ಈಗ ಗುರುತು ಬೇಕಾದ ಮನೆ ಹತ್ತೋ ಹನ್ನೆರಡೋ. ಇನ್ನು ಬಟ್ಟೆಗೆ ನೂಲು ಕಟ್ಟಿ ಗುರುತು ಮಾಡಿಕೊಳ್ಳುತ್ತೇನೆ.

ನೀನು ಕೇಳಿದ್ದು ನನಗೆ ನೆನಪಿದೆ. ನೆನಪಿದ್ದರೂ ಹಳೆಯ ಪುಸ್ತಕ ತೆಗೆದು ನೋಡಿದೆ, ನನ್ನ ಅಕ್ಷರದಲ್ಲೇ ನೋಡಬೇಕಿತ್ತು. ಇದ್ದ ಹಾಗೆ ಇಳಿಸಿದ್ದೇನೆ.

"14-11-1981, ಶನಿವಾರ. ಮಗೀಗೆ ಜ್ವರ ಏರಿ ಕಣ್ಣು ಮೇಲಕ್ಕೆ. ನಾನು ಕೆರೆ ಹತ್ತಿರ. ಮಲ್ಲಾಜಿ ಗುರುತು ಹಾಕುತ್ತಿದ್ದವಳು ಹಾಗೇ ಎತ್ತಿಕೊಂಡು ಓಡಿದಳು. ಪಿರಿಯಾಪಟ್ಟಣದ ಆಸ್ಪತ್ರೆ. ಮಗು ಉಳಿಯಿತು."

"26-11-1981. ಮಗೀನ ಕತ್ತಿನ ಹಿಂದೆ ಬೊಬ್ಬೆ. ಮಲ್ಲಾಜಿಯ ಕೈಯಲ್ಲಿರುವಂಥದೇ."

"27-11-1981. ಮಲ್ಲಾಜಿಗೆ ಹೇಳಿದೆ."

ಪುಸ್ತಕದಲ್ಲಿ ಇಷ್ಟೇ ಇದೆ. ಏನು ಹೇಳಿದೆ ಎಂದು ಬರೆದಿಲ್ಲ. ಈಗ ಬರೆಯುತ್ತೇನೆ.

ನಿನಗೆ ಆಗ ಮೂರು ವರ್ಷ. ಆವತ್ತು ಬಸ್ಸು ತಪ್ಪಿತ್ತು. ಕೈ ತೊಳೆಯಲೂ ನಿಲ್ಲದೆ, ಬೆರಳ ಮೇಲೆ ಗೇರಿನ ಕಪ್ಪು ಹಾಗೇ ಇದ್ದು, ನಿನ್ನ ಕತ್ತು ವಾಲದ ಹಾಗೆ ಅಂಗೈಯಲ್ಲಿ ಹಿಡಿದುಕೊಂಡು ಪಿರಿಯಾಪಟ್ಟಣದ ದಾರಿಯಲ್ಲಿ ಅರ್ಧ ದೂರ ನಡೆದಿದ್ದಾಳೆ. ಆಮೇಲೆ ಹೊಗೆಸೊಪ್ಪಿನ ಲಾರಿಯವನು ಹತ್ತಿಸಿಕೊಂಡ. ನಾನು ಸೈಕಲ್ ತುಳಿದುಕೊಂಡು ಹೋಗಿ ಸೇರಿದಾಗ ಡಾಕ್ಟರು ಇಂಜೆಕ್ಷನ್ ಕೊಟ್ಟಾಗಿತ್ತು, ನೀನು ಕಣ್ಣು ಬಿಟ್ಟಿದ್ದೆ. ಆದರೂ ಅವಳು ಕತ್ತಿನಿಂದ ಕೈ ತೆಗೆದಿರಲಿಲ್ಲ. "ಬುಡು, ಕೈ ನೋಯ್ತದೆ" ಎಂದೆ. "ಊಂ ಊಂ" ಎಂದಳು.

ಹನ್ನೆರಡು ದಿನ ಕಳೆದು, ಅವಳ ಕೈ ಇದ್ದ ಜಾಗದಲ್ಲೇ ಬೊಬ್ಬೆ ಎದ್ದವು. ಮಾರನೇ ದಿನ ನಾನು ಹೇಳಿದ್ದು: "ನಿನ್ ಕೈಯಿಂದ್ಲೇ ಬಂತು ಕಣೇ ಮಗೀಗೆ. ಇನ್ಮೇಲೆ ಮುಟ್ಬ್ಯಾಡ." ನನ್ನಕ್ಕ ಕುಳ್ಳಮ್ಮ ಅಂದದ್ದಲ್ಲ, ಊರವರಲ್ಲ. ನಾನು. ಅವಳು ನನ್ನನ್ನು ನೋಡಿ, "ಆಯ್ತು" ಎಂದಳು. ಅಳಲಿಲ್ಲ. ಆವತ್ತೇ ಲೋಟ ಬೇರೆ ಇಟ್ಟುಕೊಂಡಳು, ನಾನು ಅದನ್ನು ಹೇಳಿರಲಿಲ್ಲ.

ನಿನ್ನ ಕತ್ತು ಹದಿನೈದು ದಿನಕ್ಕೆ ವಾಸಿಯಾಯಿತು. ವಾಸಿಯಾಯಿತಲ್ಲ, ಇನ್ನು ಎತ್ತಿಕೊ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಹುತ್ತದ್ದು ಎಂದು ನನಗೂ ಒಳಗೊಳಗೆ ಹೆದರಿಕೆ. ಆಮೇಲೆ ಅದು ಮನೆಯ ಪದ್ಧತಿಯಾಗಿಹೋಯಿತು. ನಾನು ಆಡಿದ್ದು ಒಂದು ಮಾತು, ಅವಳು ಅದನ್ನು ಹದಿನಾಲ್ಕು ವರ್ಷ ನಡೆಸಿದಳು.

ನಿನ್ನ ಮೇಲೆ ಏನಿತ್ತು ಎಂದು ಕೇಳಿದೆಯಲ್ಲ. ನೀನು ಸ್ಕೂಲಿನಿಂದ ಬಂದು ಬಿಚ್ಚಿ ಹಾಕಿದ ಲಂಗವನ್ನು ಅವಳು ನನಗೆ ಕೊಡುತ್ತಿರಲಿಲ್ಲ. ನೀನು ಆಡಲು ಹೋದ ಮೇಲೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಕೈಯ ಪಂಚೆ ತುಂಡು ಬಿಚ್ಚಿ, ಒಲೆ ಹತ್ತಿಕೊಳ್ಳುವವರೆಗೆ ಕೂತಿರುತ್ತಿದ್ದಳು. ಆಮೇಲೆ ಅವಳೇ ಉಬ್ಬೆಗೆ ಹಾಕುತ್ತಿದ್ದಳು. ಬೆಂದರೆ ಅಂಟಿದ್ದೆಲ್ಲ ಹೋಗುತ್ತದೆ ಎಂದು ಅವಳ ಲೆಕ್ಕ. ನಾನು ನೋಡಿಯೂ ನೋಡದವನ ಹಾಗೆ ಸೌದೆ ತರಲು ಹೋಗುತ್ತಿದ್ದೆ.

ನಿನ್ನ ಕಾಗದವನ್ನು ಅಕ್ಕನಿಗೂ ಓದಿದೆ. "ಅಂಗಾರೆ ಆ ಮುಂಡೇದು ಸುಮ್ಸುಮ್ನೆ ಕೈ ಕಟ್ಕಂಡು ಕುಂತಿತ್ತಾ?" ಎಂದು ಸೆರಗು ಬಾಯಿಗೆ ಇಟ್ಟುಕೊಂಡಳು. ಆಮೇಲೆ, "ಡಾಕ್ಟ್ರಮ್ಮ ಏನಾರ ಅನ್ಲಿ, ನಾನು ತನಿ ಎರೆಯೋದ್ ಬುಡಾಕಿಲ್ಲ" ಎಂದೂ ಹೇಳಿದಳು.

ನೀನು ಏನು ಬರೆದರೂ ಓದುತ್ತೇನೆ. ಬರೆಯದಿದ್ದರೂ ಸರಿ.

ದೇವಯ್ಯ


ಮೈಸೂರು
2-2-1997

ಅಪ್ಪನಿಗೆ ಪ್ರಮೀಳಾ ಕಾಲು ಮುಟ್ಟಿ ಬರೆಯುವುದು.

ಕಾಗದ ಬಂದು ಎರಡು ವಾರವಾಯಿತು. ಮೊದಲ ವಾರ ನಿಮ್ಮ ಮೇಲೆ ಕೋಪವಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ನಿಮಗೆ ಗೊತ್ತಾಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಹೆರಿಗೆ ವಾರ್ಡಿನಲ್ಲಿ ಡ್ಯೂಟಿ ಹಾಕಿದ್ದರು. ಕೂಸನ್ನು ಒರೆಸಿ ತಾಯಿಯ ಎದೆಯ ಮೇಲೆ ಇಡುವಾಗ ತಾಯಿ ಕೈ ಎತ್ತುತ್ತಾಳಲ್ಲ, ಅದನ್ನು ನೋಡಲು ಆಗುತ್ತಿರಲಿಲ್ಲ. ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದೆ. ಭಾಗ್ಯ ಏನೂ ಕೇಳದೆ ನನ್ನ ಪಾಲಿನ ಕೆಲಸವನ್ನೂ ಮಾಡಿದಳು.

ಹೋದ ಮಂಗಳವಾರ ನಿಮ್ಮ ಕಾಗದ ತೆಗೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಪುಸ್ತಕದ ಆ ಮೂರು ಸಾಲನ್ನು ಓದಿದೆ. "ಹನ್ನೆರಡು ದಿನ ಅಂತ ಬರೆದಿದ್ದಾರಾ?" ಎಂದು ಎರಡು ಸಲ ಕೇಳಿದರು. "ಸರಿಯಾಗಿದೆ ಕಣಮ್ಮ. ನಿನ್ನ ಮೈ ಆವತ್ತು ಕಲಿತಿದ್ದು" ಎಂದರು. "ಇಷ್ಟು ಸರಿಯಾಗಿ ತಾರೀಕು ಇಟ್ಟವರನ್ನ ನಾನು ಈ ಆಸ್ಪತ್ರೇಲಿ ಕಂಡಿಲ್ಲ. ನಿಮ್ಮಪ್ಪನಿಗೆ ಹೇಳು."

ನೀವು ಆಡಿದ ಮಾತನ್ನೂ ಹೇಳಿದೆ. ಅದಕ್ಕೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನಿಮ್ಮ ಸಮಾಧಾನಕ್ಕೆಂದು ಸೇರಿಸಿದ್ದಲ್ಲ. ಕಾಯಿಲೆ ಅಂಟುವುದಿಲ್ಲ, ಆದರೆ ಕೈಯಲ್ಲಿ ಗೇರಿನ ರಸ ಇದ್ದರೆ ಆ ರಸ ಅಂಟುತ್ತದೆ. ಗುರುತು ಹಾಕಿದ ಕೈಯಲ್ಲಿ ಮಗುವನ್ನು ಮುಟ್ಟಬೇಡ ಎಂದಿದ್ದರೆ ಅದು ಸರಿಯಾದ ಮಾತೇ. ಸೋಪು ಹಾಕಿ ಚೆನ್ನಾಗಿ ತೊಳೆದು ಮುಟ್ಟು ಎನ್ನುವ ಮಿಕ್ಕ ಅರ್ಧ ಮಾತು ಗೊತ್ತಿದ್ದವರು ಯಾರೂ ನಿಮ್ಮ ಹತ್ತಿರ ಇರಲಿಲ್ಲ. ನಿಮಗೂ ಇರಲಿಲ್ಲ, ಅವ್ವನಿಗೂ ಇರಲಿಲ್ಲ.

ಇದನ್ನು ಕೇಳಿಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಮೂರು ವರ್ಷದ್ದು ಯಾರಿಗೆ ನೆನಪಿರುತ್ತದೆ? ನನಗೆ ಲಾರಿಯೂ ಗೊತ್ತಿಲ್ಲ, ದಾರಿಯೂ ಗೊತ್ತಿಲ್ಲ. ಆದರೆ ಆವತ್ತು ಕಲಿತದ್ದನ್ನು ಈ ಕೋಶಗಳು ಮರೆತಿಲ್ಲ. ಒಂದು ಸತ್ತರೆ ಅದರ ಮರಿಗೆ ಹೇಳಿಕೊಟ್ಟು, ಹದಿನೈದು ವರ್ಷ ಇಟ್ಟುಕೊಂಡಿವೆ. ನಾನು ಮುದುಕಿಯಾದರೂ ಮರೆಯುವುದಿಲ್ಲವಂತೆ. ಅವಕ್ಕೆ ಗೊತ್ತಿರುವುದು ಒಂದೇ, ಅವ್ವ ನನ್ನನ್ನು ಎತ್ತಿಕೊಂಡ ದಿನದ್ದು.

ಅವ್ವನ ಕೈ ಮುಟ್ಟಿದ್ದು ನೆನಪೇ ಇಲ್ಲ ಎಂದು ಸೆಪ್ಟೆಂಬರಿನಲ್ಲಿ ಬರೆದಿದ್ದೆ. ಆ ಸಾಲನ್ನು ಹೊಡೆದು ಹಾಕಿ, ಅಪ್ಪ. ಕಾಗದ ನಿಮ್ಮ ಹತ್ತಿರವೇ ಇದೆ.

ಶಿವರಾತ್ರಿ ಕಳೆದು ಅವ್ವನ ವರ್ಷದ ಎಡೆಗೆ ಬರುತ್ತೇನೆ. ಭಾಗ್ಯಾಳೂ ಬರುತ್ತಾಳಂತೆ, ಅತ್ತೆಗೆ ಹೇಳಿ. ಹಾಸ್ಟೆಲಿನಲ್ಲಿ ಗುರುತಿಲ್ಲದೆ ನನ್ನ ಎರಡು ಸೀರೆ ಹೋದವು. ಉಳಿದ ಬಟ್ಟೆ ಕಳಿಸಿದ್ದೇನೆ. ನೂಲಿನಲ್ಲಿ ಗುರುತು ಹಾಕಿ ಕೊಡುತ್ತೀರಾ? ಅದೇ ಗುರುತು. ಬೇರೆ ಬೇಡ.

ನಿಮ್ಮ ಮಗಳು,
ಪ್ರಮೀಳಾ


ಬೆಟ್ಟದಪುರ
28-2-1997

ಮಗಳು ಪ್ರಮೀಳಾಗೆ ಅಪ್ಪ ಬರೆಯುವುದು.

ಕೆಂಪು ನೂಲಿನಲ್ಲಿ ಹಾಕಿದ್ದೇನೆ. ಐದು ರವಿಕೆ, ನಾಲ್ಕು ಸೀರೆ. ಸೂಜಿ ಹಿಡಿದು ಅಭ್ಯಾಸವಿಲ್ಲದೆ ಎರಡು ಸಲ ಬಿಚ್ಚಿದೆ. ಅಕ್ಕ ನೋಡಿ, "ಚುಕ್ಕಿ ಇಕ್ಕೋ ಅಂದ್ರೆ ರಾಗಿ ಮುದ್ದೆ ಇಕ್ಕಿದ್ದೀಯಲ್ಲೋ" ಎಂದು ನಕ್ಕಳು. ಮನೆಯಲ್ಲಿ ನಗು ಕೇಳಿ ವರ್ಷವಾಗಿತ್ತು. ಹಾಕಿದ ಮೇಲೆ ಎಲ್ಲವನ್ನೂ ಉಬ್ಬೆಗೆ ಹಾಕಿ ಬೇಯಿಸಿದ್ದೇನೆ. ಬಣ್ಣ ಬಿಡಲಿಲ್ಲ.

ನೀನು ಹೇಳಿದ ಸಾಲು ಹುಡುಕಿ ಹೊಡೆದೆ. ಒಂದೇ ಗೆರೆ, ಕೆಳಗಿನ ಅಕ್ಷರ ಕಾಣುವ ಹಾಗೆ.

ಆಮೇಲೆ ಗುರುತಿನ ಪುಸ್ತಕ ತೆಗೆದೆ. ಎಂಬತ್ತು ಮನೆ ಆದ ಮೇಲೆ ಕೊನೆಯ ಹಾಳೆ ಖಾಲಿ ಇತ್ತು. ಅಲ್ಲಿ ಮೂರು ಚುಕ್ಕಿ, ಕೆಳಗೆ ಒಂದು ಗೆರೆ ಬರೆದೆ. ಎದುರಿಗೆ ಮನೆಯವರ ಹೆಸರು ಬರೆಯುವ ಜಾಗದಲ್ಲಿ ಮಲ್ಲಾಜಮ್ಮ ಎಂದು ಬರೆದು, ಇಂದಿನ ತಾರೀಕು ಹಾಕಿದೆ.

ಬಿಸಿಲು ಚೆನ್ನಾಗಿದೆ. ಬಟ್ಟೆ ಬೇಗ ಒಣಗಿದವು. ನಾಳೆ ಸ್ವಾಮಿಯ ಬಸ್ಸಿಗೆ ಕೊಡುತ್ತೇನೆ.

ನಿನ್ನ ಅಪ್ಪ,
ದೇವಯ್ಯ